ಎಡೆದೊರೆ ನಾಡಿನ ಮುಂಜಾವಿನ ಸಂಕಲ್ಪಗಳು

ಬೇಗ ಏಳುವುದು ಇಚ್ಛಾಶಕ್ತಿಯಿಂದ ಸಾಧಿಸಬೇಕಾದ ಸದ್ಗುಣವೆಂದು ನೀತಿಗ್ರಂಥಗಳು ಹೇಳುತ್ತ ಬಂದಿದ್ದರೂ, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನಲ್ಲಿ, ಎಂದರೆ ಇಂದಿನ ರಾಯಚೂರು ಸೀಮೆಯಲ್ಲಿ, ಅದು ಬಹುಮಟ್ಟಿಗೆ ಸೂರ್ಯನ ಇಲಾಖೆಗೆ ಸೇರಿದ ವಿಷಯ. ಇದಕ್ಕೆ ಸರಕಾರಿ ಕಾಗದಪತ್ರಗಳ ಆಧಾರವೇ ಇದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡಬೇಕೆಂದು ರಾಜ್ಯ ಸರಕಾರ ಆದೇಶ ಹೊರಡಿಸುವ ವಾಡಿಕೆಯಿದ್ದು, ಬಿಸಿಲು 40 ಡಿಗ್ರಿಯ ಗೆರೆಯನ್ನು ದಾಟುವ ಆ ದಿನಗಳಲ್ಲಿ, ಎಷ್ಟೋ ಯೋಗಶಿಬಿರಗಳಿಂದ ಆಗದ ಕೆಲಸವನ್ನು ಒಂದು ಹಾಳೆಯ ಆದೇಶ ಮಾಡಿ ಮುಗಿಸುತ್ತದೆ. ಹೀಗೆ ಎರಡು ತಿಂಗಳು ಎಂಟಕ್ಕೆಲ್ಲ ಕುರ್ಚಿ ಹಿಡಿದ ಗುಮಾಸ್ತರಿಗೆ ನಸುಕಿನ ಏಳುವಿಕೆ ಮೈಗೂಡಿರಬೇಕೆಂದು ಮನಶ್ಶಾಸ್ತ್ರಜ್ಞರು ನಿರೀಕ್ಷಿಸಬಹುದು. ಆದರೆ ಆದೇಶದ ಅವಧಿ ಮುಗಿದೊಡನೆ ಅಭ್ಯಾಸದ ಅವಧಿಯೂ ಮುಗಿಯುತ್ತದೆ. ಮಧ್ಯಾಹ್ನ ಮನೆಗೆ ಬಂದು, ಕಿಟಕಿ ಮುಚ್ಚಿದ ಕತ್ತಲ ಕೋಣೆಯಲ್ಲಿ ಮಲಗಿ, ಸಂಜೆ ಐದಕ್ಕೆ ಎದ್ದು ಮುಖ ತೊಳೆಯುವ ಪದ್ಧತಿಯೂ ಅಷ್ಟೇ ಗಟ್ಟಿಯಾಗಿರುವುದರಿಂದ, ಬೇಸಿಗೆಯ ರಾಯಚೂರಿನವರಿಗೆ ದಿನಕ್ಕೆ ಎರಡು ಮುಂಜಾನೆಗಳೆಂದೂ, ಎರಡನೆಯದೇ ಹೆಚ್ಚು ಉಲ್ಲಾಸದ್ದೆಂದೂ ಹೇಳಬೇಕಾಗುತ್ತದೆ.

ಶಾಸ್ತ್ರಗಳು ಹೇಳುವ ಬ್ರಾಹ್ಮೀ ಮುಹೂರ್ತವೆಂದರೆ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಆರಂಭವಾಗಿ 48 ನಿಮಿಷಗಳ ಕಾಲ ಇರುವ ಹೊತ್ತು. ರಾಯಚೂರಿನಲ್ಲಿ ಮೇ ತಿಂಗಳ ಸೂರ್ಯ ಆರಕ್ಕೆ ಹತ್ತು ನಿಮಿಷವಿರುವಾಗಲೂ ಜನವರಿಯ ಸೂರ್ಯ ಏಳಕ್ಕೆ ಹತ್ತು ನಿಮಿಷವಿರುವಾಗಲೂ ಹೆಚ್ಚುಕಡಿಮೆ ಉದಯಿಸುವುದರಿಂದ, ಹೊಸ ವರ್ಷದ ಸಂಕಲ್ಪವನ್ನು ಜನವರಿಯಲ್ಲಿ ತೊಡುವವರಿಗೆ ಶಾಸ್ತ್ರವೇ ಸುಮಾರು ಒಂದು ಗಂಟೆಯ ರಿಯಾಯಿತಿ ಕೊಟ್ಟಂತಾಗುತ್ತದೆ. ಯುಗಾದಿಗೆ ಸಂಕಲ್ಪ ತೊಡುವ ಸಂಪ್ರದಾಯಸ್ಥರಿಗೆ ಈ ಲಾಭವಿಲ್ಲ. ಅವರು ತಾಳೆಹಾಕಿ ನೋಡುವಷ್ಟರಲ್ಲಿ ಸೂರ್ಯ ದಿನದಿನಕ್ಕೂ ಮುಂದಾಗಿ ಬರತೊಡಗಿರುತ್ತಾನೆ.

ನಸುಕಿನ ವಿಷಯದಲ್ಲಿ ಈ ಸೀಮೆಗೆ ಪರಂಪರೆಯ ಬಲ ಕಡಿಮೆಯೇನಲ್ಲ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಈ ಮೂವರೂ ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯವನ್ನು ಬೆಳೆಸಿದವರು. ಉದಯರಾಗ, ಎಂದರೆ ನಸುಕಿನಲ್ಲಿ ಹಾಡುವ ಭಕ್ತಿಯ ಹಾಡು, ಆ ಸಾಹಿತ್ಯದ ಒಂದು ಪ್ರಕಾರ. ‘ಹರಿಕಥಾಮೃತಸಾರ’ವನ್ನು ಬರೆದ ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಾಗಿದ್ದು, ವಿಜಯದಾಸರು ಊಟಕ್ಕೆ ಕರೆದಾಗ, ಹೊತ್ತು ಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುತ್ತದೆಂದು ಹೇಳಿ ತಪ್ಪಿಸಿಕೊಂಡರೆಂದೂ, ಬಳಿಕ ನಿಜವಾಗಿಯೇ ಹೊಟ್ಟೆನೋವು ಹತ್ತಿಕೊಂಡು ಉತ್ತನೂರಿನ ಗೋಪಾಲದಾಸರಲ್ಲಿಗೆ ಹೋಗಬೇಕಾಯಿತೆಂದೂ, ಅವರು ಮಂತ್ರಿಸಿ ಕೊಟ್ಟ ಜೋಳದ ಭಕ್ರಿಯಿಂದ ಗುಣವಾಯಿತೆಂದೂ ಸಂಪ್ರದಾಯದ ಕಥೆ ಹೇಳುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣುವಂಥ ಆರೋಗ್ಯಕರ ಅಭ್ಯಾಸವೂ ನೆಪವಾಗಿ ಬಳಕೆಯಾದಾಗ ತೊಂದರೆ ಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಈ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಮುಂಜಾನೆಗೆ ಓಟ್ಸ್ ತಿನ್ನಬೇಕೆಂದು ಇಂದು ಸಲಹೆ ನೀಡುವ ಆಹಾರತಜ್ಞರು ಆ ಭಕ್ರಿಯ ಕಡೆಗೂ ಒಮ್ಮೆ ನೋಡುವುದು ಲೇಸು.

ಸಂಕಲ್ಪವನ್ನು ಮುಂದೂಡುವ ಕಲೆಗಂತೂ ಇಲ್ಲಿ ರಾಜಮನ್ನಣೆಯೇ ಇದೆ. 1520ರ ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯದೊಡನೆ ನಡೆದ ರಾಯಚೂರು ಯುದ್ಧವನ್ನು ವಿವರಿಸುವ ಪೋರ್ಚುಗೀಸ್ ಬರಹಗಾರ ನುನಿಜ್, ಶುಕ್ರವಾರ ಶುಭವಲ್ಲವೆಂದು ಮಂತ್ರಾಲೋಚನೆಯವರು ಹೇಳಿದ್ದರಿಂದ ಕೃಷ್ಣದೇವರಾಯನು ಕಾಳಗವನ್ನು ಶನಿವಾರಕ್ಕೆ ಇಟ್ಟುಕೊಂಡನೆಂದು ಬರೆಯುತ್ತಾನೆ. ಅಷ್ಟು ದೊಡ್ಡ ದೊರೆಯೇ ಒಂದು ದಿನ ತಡೆದು ಗೆದ್ದಿರುವಾಗ, ವಾಕಿಂಗನ್ನು ಬರುವ ಸೋಮವಾರಕ್ಕೆ ಇಟ್ಟುಕೊಳ್ಳುವ ಪ್ರಜೆಯನ್ನು ಸೋಮಾರಿ ಎನ್ನುವುದು ಇತಿಹಾಸಕ್ಕೆ ಮಾಡುವ ಅಪಚಾರ. ವ್ಯತ್ಯಾಸವೊಂದೇ: ರಾಯನಿಗೆ ಶನಿವಾರ ನಿಜವಾಗಿಯೂ ಬಂದಿತ್ತು.

ಸೋಮಾರಿಗಳನ್ನು ಎಬ್ಬಿಸಲು ಸೂರ್ಯೋದಯಕ್ಕೆ ಬೀದಿಬೀದಿಯಲ್ಲಿ ತೋಪು ಹಾರಿಸಬೇಕೆಂದು 1784ರಲ್ಲಿ ಪ್ಯಾರಿಸ್‌ನ ಪತ್ರಿಕೆಯೊಂದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ ತಮಾಷೆಯ ಪತ್ರ ಬರೆದಿದ್ದನು. ಇಲ್ಲಿಯ ಓಣಿಗಳಲ್ಲಿ ಮದ್ದುಗುಂಡಿನ ಖರ್ಚಿಲ್ಲದೆ ಆ ಕೆಲಸ ನಡೆಯುತ್ತದೆ. ‘ನಳ ಬಂತು’ ಎಂಬ ಒಂದು ಕೂಗಿಗೆ, ಅಲಾರಂ ಮೂರು ಸಲ ಬಡಿದರೂ ಮಿಸುಕದ ಮನೆಯೆಲ್ಲ ಕೊಡ ಹಿಡಿದು ನಿಂತಿರುತ್ತದೆ. ಆ ಹೊತ್ತಿನಲ್ಲಿ ಹೊಸ ದೃಷ್ಟಿಕೋನ ಯಾರಿಗೂ ಬೇಕಾಗಿರುವುದಿಲ್ಲ, ಇನ್ನೊಂದು ಖಾಲಿ ಕೊಡ ಬೇಕಾಗಿರುತ್ತದೆ.

ನಗರ ಬಿಟ್ಟು ಹೊರಗೆ ಹೋದರೆ ಸಂಕಲ್ಪವೆಂಬ ಮಾತೇ ಅಪರೂಪ. ಮಾನ್ವಿಯು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ಸೇರಿದ್ದರಿಂದ, ಅಲ್ಲಿಯ ಭತ್ತದ ರೈತ ಎದ್ದ ಕೂಡಲೇ ಮೊಬೈಲಿನಲ್ಲಿ ಹುಡುಕುವುದು ಸುಭಾಷಿತವನ್ನಲ್ಲ, 104ನೇ ಮೈಲಿನ ಗೇಜನ್ನು, ಎಂದರೆ ಕಾಲುವೆಯಲ್ಲಿ ನೀರು ಎಷ್ಟು ಅಡಿ ಹರಿಯುತ್ತಿದೆಯೆಂದು ತೋರಿಸುವ ಅಳತೆಯನ್ನು. ದೇವದುರ್ಗದ ಕಡೆ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಮಕ್ಕಳನ್ನು ಅತ್ತೆಗೆ ಒಪ್ಪಿಸಿ, ಟಂಟಂ ಗಾಡಿಯಲ್ಲಿ ಒತ್ತರಿಸಿಕೊಂಡು ಕೂತಿರುವಾಗ ನಗರದ ಸಂಕಲ್ಪವಂತರು ಅಲಾರಮ್ಮನ್ನು ಇನ್ನೈದು ನಿಮಿಷಕ್ಕೆ ತಳ್ಳುತ್ತಿರುತ್ತಾರೆ. ಬೇಗ ಏಳುವುದರ ಬಗೆಗಿನ ಪುಸ್ತಕಗಳನ್ನು ಮಾತ್ರ ಬರೆಯುವವರೂ ಕೊಳ್ಳುವವರೂ ತಡವಾಗಿ ಏಳಲು ಅವಕಾಶವಿರುವವರೇ.

ಆದರೂ ರಾಯಚೂರಿನ ಕೋಟೆಯ ಕಡೆಗೆ ಚಳಿಗಾಲದಲ್ಲಿ ಮಫ್ಲರ್ ಸುತ್ತಿಕೊಂಡು ಬರುವ ನಡೆಗಾರರ ಶ್ರದ್ಧೆಯನ್ನು ಅಲ್ಲಗಳೆಯುವಂತಿಲ್ಲ. 1294ರಲ್ಲಿ ಈ ಕೋಟೆ ಕಟ್ಟಿದ ಸಂಗತಿಯನ್ನು ತಿಳಿಸುವ, ಸುಮಾರು 41 ಅಡಿ ಉದ್ದದ ಕಲ್ಲು ಗೋಡೆಯಲ್ಲಿದ್ದು, ಅಷ್ಟು ಭಾರವನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲಿನಿಂದ ಎಳೆಸಿ ತಂದ ಬಗೆಯನ್ನೂ ಅಲ್ಲಿ ಕೊರೆದಿದ್ದಾರೆ. ಆ ಚಿತ್ರದಲ್ಲಿ ಸನ್ನೆಗೋಲು ಹಾಕಿ ನೂಕುತ್ತಿರುವವರಿಗೆ ದಿನಕ್ಕೆ ಹತ್ತು ಸಾವಿರ ಹೆಜ್ಜೆಗಳ ಗುರಿಯನ್ನು ಯಾರೂ ಕೊಟ್ಟಿರಲಾರರು. ಇಂದಿನ ನಡೆಗಾರರು ಹೆಜ್ಜೆ ಎಣಿಸುತ್ತ ಒಂದು ಸುತ್ತು ಮುಗಿಸಿದೊಡನೆ, ಒಗ್ಗಾಣಿ ಮಿರ್ಚಿಯ ವಾಸನೆ ಅವರನ್ನು ಅಡ್ಡಗಟ್ಟುತ್ತದೆ. ಒಗ್ಗಾಣಿಯೆಂದರೆ ನೆನೆಸಿ ಹಿಂಡಿದ ಮಂಡಾಳಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಗಳ ಒಗ್ಗರಣೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿದ ತಿಂಡಿ; ಮಿರ್ಚಿಯೆಂದರೆ ಅದರ ಜೊತೆ ಬಿಟ್ಟಿರದ ಮೆಣಸಿನಕಾಯಿ ಬಜ್ಜಿ. ಪಥ್ಯದವರು ‘ಮಿರ್ಚಿ ಬ್ಯಾಡ್ರಿ, ಬರೇ ಒಗ್ಗಾಣಿ ಕೊಡ್ರಿ’ ಎಂದು ಹೇಳುವುದುಂಟು. ‘ಬರೇ ಒಗ್ಗಾಣಿ ಹ್ಯಾಂಗ ತಿಂತೀರಿ ಸಾಹೇಬ್ರ, ಒಂದರ ಇರ್ಲಿ’ ಎಂದು ಅಂಗಡಿಯವನು ಎರಡು ಹಾಕುತ್ತಾನೆ.