ಹೊಲಿಗೆಗೆ ಹತ್ತು, ನಡತೆಗೆ ಸೊನ್ನೆ

ಟೀವಿ ನೋಡುವವರಲ್ಲಿ ಒಂದು ಪಂಗಡವಿದೆ. ಇವರು ಅಡುಗೆ ಸ್ಪರ್ಧೆ ನೋಡುತ್ತಾರೆ, ಅಡುಗೆ ನೋಡುವುದಿಲ್ಲ. ಹಾಡಿನ ಸ್ಪರ್ಧೆಯಲ್ಲಿ ಶ್ರುತಿ ತಪ್ಪಿದ್ದು ಇವರಿಗೆ ಕೇಳಿಸುವುದಿಲ್ಲ. ಗೆದ್ದ ಹುಡುಗಿ ಸೋತವಳ ಕೈ ಕುಲುಕುವಾಗ ಮುಖ ಎತ್ತ ತಿರುಗಿಸಿದಳು ಎಂಬುದು ಮಾತ್ರ ಕಣ್ಣಿಗೆ ಬೀಳುತ್ತದೆ. ಈ ಪಂಗಡಕ್ಕೆ ಒಂದು ಪೀಠವಿದ್ದರೆ ಅದರ ಅಧಿಪತಿ ನನ್ನ ಸೋದರತ್ತೆ.

ಅತ್ತೆ ಮೈಸೂರಿನ ಹೈಸ್ಕೂಲೊಂದರಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ತಮ್ಮ ಕಾಲದಲ್ಲಿ ಶಾಲೆ ಬಿಟ್ಟ ಮಕ್ಕಳ ಟೀಸಿಯಲ್ಲೆಲ್ಲ ‘ಗುಣ ಮತ್ತು ನಡತೆ’ಯ ಮುಂದೆ ‘ಉತ್ತಮ’ ಎಂದೇ ಬರೆದು ರುಜು ಹಾಕಿದ್ದಾರೆ. ಸೈಕಲ್ ಕದ್ದವನಿಗೂ ಉತ್ತಮ, ಕಕ್ಕಸಿನ ಗೋಡೆಯ ಮೇಲೆ ಹೆಡ್‌ಮಿಸ್ಸಿನದೇ ಚಿತ್ರ ಬಿಡಿಸಿದವನಿಗೂ ಉತ್ತಮ. ಮಕ್ಕಳ ಭವಿಷ್ಯ ಹಾಳಾಗಬಾರದಲ್ಲ! ಅಷ್ಟು ವರ್ಷ ನುಂಗಿಕೊಂಡಿದ್ದ ನಿಜವಾದ ಅಭಿಪ್ರಾಯಗಳೆಲ್ಲ ನಿವೃತ್ತಿಯ ಮೇಲೆ ಟೀವಿಯ ಮುಂದೆ ಹೊರಬಂದವು.

2006ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ಅತ್ತೆ, ಮಾವ ನ್ಯೂಜೆರ್ಸಿಯ ಎಡಿಸನ್ನಿಗೆ ಬಂದಿದ್ದರು. ನಾನು ಹತ್ತಿರದಲ್ಲೇ ಇದ್ದವನು, ಸಾರಿನ ಆಸೆಗೆ ಬುಧವಾರ ಬುಧವಾರ ಹಾಜರಾಗುತ್ತಿದ್ದೆ. ಆ ರಾತ್ರಿಗಳಲ್ಲಿ ಬ್ರಾವೋ ಚಾನೆಲ್ಲಿನಲ್ಲಿ ‘ಪ್ರಾಜೆಕ್ಟ್ ರನ್‌ವೇ’ಯ ಮೂರನೆಯ ಸೀಸನ್ ಬರುತ್ತಿತ್ತು. ಹದಿನೈದು ಜನ ವಿನ್ಯಾಸಕರನ್ನು ನ್ಯೂಯಾರ್ಕಿನ ಪಾರ್ಸನ್ಸ್ ವಿದ್ಯಾಲಯದ ಹೊಲಿಗೆ ಕೋಣೆಗೆ ಬಿಟ್ಟು, ಕೈಗಿಷ್ಟು ಡಾಲರು ಕೊಟ್ಟು ‘ಮೂಡ್’ ಎಂಬ ಬಟ್ಟೆ ಅಂಗಡಿಗೆ ಓಡಿಸುತ್ತಿದ್ದರು. ಒಂದೆರಡು ದಿನದಲ್ಲಿ ಉಡುಪು ತಯಾರಾಗಬೇಕಿತ್ತು. ಹೈಡಿ ಕ್ಲುಮ್ ಎಂಬ ಜರ್ಮನಿಯ ರೂಪದರ್ಶಿ ವಾರಕ್ಕೊಬ್ಬರನ್ನು ಎರಡೂ ಕೆನ್ನೆಗೆ ಮುತ್ತಿಟ್ಟು ಮನೆಗೆ ಕಳಿಸುತ್ತಿದ್ದಳು. ಕೊನೆಗೆ ಉಳಿದ ಒಬ್ಬರಿಗೆ ಒಂದು ಲಕ್ಷ ಡಾಲರ್.

ಅತ್ತೆಗೆ ಹೊಲಿಗೆ ಗೊತ್ತಿಲ್ಲವೆಂದಲ್ಲ. ಮನೆಯಲ್ಲಿ ಕಾಲಲ್ಲಿ ತುಳಿಯುವ ಉಷಾ ಮೆಷಿನ್ನಿದೆ. ಫಾಲ್ ಹಾಕುತ್ತಾರೆ, ಕಾಜಾ ಮಾಡುತ್ತಾರೆ, ತಾವೇ ಬ್ಲೌಸು ಕತ್ತರಿಸುತ್ತಾರೆ. ಆದರೂ ಆ ಒಂದು ಗಂಟೆಯಲ್ಲಿ ಅವರು ನೋಡದೇ ಇದ್ದದ್ದು ಬಟ್ಟೆಯೊಂದನ್ನೇ. ಹೊಲಿಗೆ ಕೋಣೆಯಲ್ಲಿ ವಾಗ್ವಾದ ನಡೆಯುವಷ್ಟು ಹೊತ್ತೂ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಣ್ಣು ಪಿಳುಕಿಸದೆ ಕೂತಿರುತ್ತಿದ್ದವರು, ಹುಡುಗಿಯರು ಆ ಉಡುಪು ತೊಟ್ಟು ನಡೆದು ಬರುವ ಗಳಿಗೆಗೆ ಸರಿಯಾಗಿ ಕೂಸನ್ನು ನನ್ನ ಕೈಗೆ ಕೊಟ್ಟು ಹಾಲಿಗೆ ಹೆಪ್ಪು ಹಾಕಲು ಏಳುತ್ತಿದ್ದರು. “ಈಗೇನೂ ಇರಲ್ಲ ಕಣೋ, ಬರೀ ಬಟ್ಟೆ ತೋರಿಸ್ತಾರೆ” ಎನ್ನುತ್ತಿದ್ದರು.

ಟಿಮ್ ಗನ್ನರ ಮೇಲೆ ಅತ್ತೆಗೆ ಗೌರವ. ಪಾರ್ಸನ್ಸಿನಲ್ಲಿ ವಿಭಾಗ ಮುಖ್ಯಸ್ಥರಾಗಿದ್ದ ಬಿಳಿಗೂದಲಿನ ಈ ಮನುಷ್ಯ ಸೂಟು ಹಾಕಿಕೊಂಡು ಬಂದು, ಗಲ್ಲಕ್ಕೆ ಕೈಯಿಟ್ಟು ಹೊಲಿಗೆ ನೋಡಿ, ‘ಹೇಗಾದರೂ ಸರಿದೂಗಿಸಿ’ ಎಂಬರ್ಥದ ಒಂದು ಮಾತು ಹೇಳಿ ಹೋಗುತ್ತಿದ್ದರು. “ಮೇಷ್ಟ್ರು ಅಂದ್ರೆ ಹೀಗಿರಬೇಕು. ಬೈಯದೇನೇ ಹೆದರಿಸ್ತಾರೆ.” ತೀರ್ಪುಗಾರ ಮೈಕಲ್ ಕೋರ್ಸ್ ಮೇಲೆ ಅಷ್ಟು ದಯೆಯಿಲ್ಲ: “ಊರವರ ಬಟ್ಟೆಗೆಲ್ಲ ಹೆಸರಿಡ್ತಾನೆ, ತಾನು ಮಾತ್ರ ವಾರವಾರಾನೂ ಅದೇ ಕರೀ ಬಟ್ಟೆ.” ಹಿಂದಿನ ಸೀಸನ್ನಿನ ಸ್ಯಾಂಟೀನೋ ರೈಸ್ ಎಂಬ ಉದ್ದನೆಯ ಆಸಾಮಿ ಟಿಮ್ ಗನ್ನರನ್ನು ಅಣಕಿಸಿ ಹೆಸರಾಗಿದ್ದ. ಮರುಪ್ರಸಾರದಲ್ಲಿ ಅದನ್ನು ಕಂಡ ಅತ್ತೆ ಬಹಳ ಹೊತ್ತು ಸಂಕಟಪಟ್ಟರು. ಗುರುವನ್ನು ಅಣಕಿಸುವುದು ತಪ್ಪು. ಆದರೆ ಅಣಕ ಬಹಳ ಚೆನ್ನಾಗಿತ್ತು. ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು.

ಕೀತ್ ಮೈಕಲ್ ಎಂಬ ಸ್ಪರ್ಧಿಯ ಬಳಿ ಪ್ಯಾಟರ್ನ್ ಕತ್ತರಿಸುವ ಪುಸ್ತಕಗಳು ಸಿಕ್ಕಿ, ನಿಯಮ ಮುರಿದನೆಂದು ಅವನನ್ನು ನಡುವೆಯೇ ಹೊರಗೆ ಹಾಕಿದಾಗಲಂತೂ ಅತ್ತೆ ಕುರ್ಚಿಯ ಅಂಚಿಗೆ ಬಂದುಬಿಟ್ಟಿದ್ದರು. “ಚೀಟಿ! ಅವನ ನಡಿಗೆ ನೋಡಿದಾಗಲೇ ಅನ್ಕೊಂಡೆ. ಚೀಟಿ ತಂದವನ ನಡಿಗೆ ನಂಗೆ ಗೊತ್ತಾಗಲ್ವೇನೋ?” ಆ ವಾರ ಅವರ ವೃತ್ತಿಜೀವನವೇ ಸಾರ್ಥಕವಾಯಿತು.

ಆದರೆ ಇದೆಲ್ಲ ಪೀಠಿಕೆ. ಅಸಲು ಮೊಕದ್ದಮೆ ಜೆಫ್ರಿ ಸಬೀಲಿಯಾನದು. ಲಾಸ್ ಏಂಜಲೀಸಿನವನು, ಕತ್ತಿನ ಮೇಲೆ ಹಚ್ಚೆ, ಬಾಯಿಗೆ ಬೀಗವಿಲ್ಲ. ಹಚ್ಚೆಯನ್ನು ಅತ್ತೆ ಕ್ಷಮಿಸಿದ್ದರು. ಅವರ ಅಜ್ಜಿಯ ಕೈತುಂಬ ಇತ್ತಂತೆ. ಬಾಯನ್ನೂ ಕ್ಷಮಿಸುತ್ತಿದ್ದರೇನೋ. ಅಷ್ಟರಲ್ಲಿ ಒಂದು ಪಂದ್ಯ ಬಂತು. ಸ್ಪರ್ಧಿಗಳ ಅಮ್ಮಂದಿರು, ಅಕ್ಕತಂಗಿಯರನ್ನೇ ಕರೆಸಿ, ಒಬ್ಬರ ಮನೆಯವರಿಗೆ ಇನ್ನೊಬ್ಬರು ಬಟ್ಟೆ ಹೊಲಿಯಬೇಕೆಂದರು. ಆಂಜೆಲಾ ಎಂಬವಳಿಗೂ ಜೆಫ್ರಿಗೂ ಮೊದಲೇ ಎಣ್ಣೆ ಸೀಗೆಕಾಯಿ. ಆಂಜೆಲಾಳ ಅಮ್ಮ ಬಂದು ಬಿದ್ದದ್ದು ಅವನ ಕೈಗೇ. ಬಟ್ಟೆ ಹಿಡಿಸಲಿಲ್ಲವೆಂದು ಆಕೆ ಹೇಳಿದರು, ಅವನು ತಿರುಗಿ ಅಂದ, ಆಕೆ ಅತ್ತರು.

ಅತ್ತೆ ಟೀವಿಯ ಸದ್ದು ಅಡಗಿಸಿದರು. “ಯಾರದೋ ತಾಯಿ ಕಣ್ಣಲ್ಲಿ ನೀರು ಹಾಕಿಸಿದನಲ್ಲೋ. ಮುಗೀತು ಇವನ ಕತೆ.”

ಮುಗಿಯಲಿಲ್ಲ, ಶುರುವಾಯಿತು. ಗುರುವಾರ ಬೆಳಿಗ್ಗೆ ಎಡಿಸನ್, ಪಿಸ್ಕಾಟವೇಗಳ ನಡುವೆ ಫೋನು ಬಿಸಿಯಾಯಿತು. ಅದೇ ಸುತ್ತಿನಲ್ಲಿ ಬಾಣಂತನಕ್ಕೆ ಬಂದಿದ್ದ ಇನ್ನೂ ಕೆಲವು ಅಮ್ಮಂದಿರಿದ್ದರು, ಎಲ್ಲರಿಗೂ ಬುಧವಾರದ ರೋಗ ಅತ್ತೆಯಿಂದಲೇ ಅಂಟಿತ್ತು. ಸೆಪ್ಟೆಂಬರ್ ಮೊದಲಲ್ಲಿ ಬಾಲ್ಟಿಮೋರಿನಲ್ಲಿ ನಡೆದ, ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನಕ್ಕೆ ಹೋದರೆ ಊಟದ ಸಾಲಿನಲ್ಲೂ ಇದೇ ವಿಚಾರಣೆ. ದಾವಣಗೆರೆಯ ಒಬ್ಬ ಹೆಂಗಸು ಧೈರ್ಯ ಮಾಡಿ, “ಆ ಅಮ್ಮಂದೂ ಏನ್ ಕಡಿಮೆ ಇಲ್ರೀ, ಬಾಳ ಕೊಂಕು ತಗದ್ರು” ಎಂದುಬಿಟ್ಟರು. ಅತ್ತೆ ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಉತ್ತರ ಕೊಟ್ಟರು: “ತಾಯಿಯಾದವಳು ಕೊಂಕು ತೆಗೆಯದೆ ಮತ್ಯಾರ್ರೀ ತೆಗೀಬೇಕು?” ಸಾಲಿನಲ್ಲಿದ್ದ ತಾಯಂದಿರೆಲ್ಲ ಅತ್ತೆಯ ಕಡೆಗಾದರು.

ಇದನ್ನೆಲ್ಲ ಎಡಿಟಿಂಗ್‌ನಲ್ಲಿ ಮಾಡುತ್ತಾರೆ, ದಿನಗಟ್ಟಲೆ ಚಿತ್ರೀಕರಿಸಿದ್ದನ್ನು ಒಂದು ಗಂಟೆಗೆ ಇಳಿಸುವಾಗ ಒಬ್ಬನನ್ನು ಖಳನನ್ನಾಗಿ ನಿಲ್ಲಿಸುತ್ತಾರೆ ಎಂದು ನಾನು ತಿಳಿಹೇಳಲು ಹೋದೆ. ಇಂಥ ಕಾರ್ಯಕ್ರಮಗಳಿಂದ ಬಂದವರು ಸಾಮಾನ್ಯವಾಗಿ ಆಡುವ ದೂರೂ ಅದೇ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. “ಕತ್ತರಿ ಹಾಕಿದ್ರೆ ಆಡಿದ ಮಾತು ಹೋಗಬಹುದು. ಆಡದ ಮಾತು ಬಾಯಿಗೆ ಬರುತ್ತೇನೋ?” ಪೂರ್ತಿ ಸರಿಯಲ್ಲ, ಆದರೆ ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ.

ಕೊನೆಯ ಸುತ್ತಿಗೆ ಜೆಫ್ರಿಯೂ ಬಂದ, ಲಾರಾ ಬೆನೆಟ್ ಕೂಡ ಬಂದಳು. ಲಾರಾ ಅತ್ತೆಯ ಕಣ್ಮಣಿ. ಐದು ಮಕ್ಕಳ ತಾಯಿ, ಆರನೆಯದಕ್ಕೆ ಬಸುರಿ, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲೇ ನಿಂತು ಹೊಲಿಯುತ್ತಿದ್ದಳು. ಈಕೆಯೇ ಎದ್ದು, ಜೆಫ್ರಿಯ ಉಡುಪುಗಳ ಹೊಲಿಗೆ ತೀರಾ ಅಚ್ಚುಕಟ್ಟಾಗಿದೆ, ಹೊರಗಿನವರ ಕೈ ಇರಬೇಕು ಎಂದು ಆಪಾದಿಸಿದಳು. ಮನೆಯಲ್ಲಿ ಹಬ್ಬ. “ಬಸುರಿ ಹೆಂಗಸು ಸುಮ್ನೆ ಸುಮ್ನೆ ಅಪವಾದ ಹೊರಿಸ್ತಾಳಾ?” ಅಷ್ಟು ದಿನ ಪೇಪರಿನ ಹಿಂದೆ ಅಡಗಿದ್ದ ಮಾವ, ಏಜೀಸ್ ಆಫೀಸಿನಲ್ಲಿ ಆಡಿಟ್ ಮಾಡಿ ತಲೆ ನರೆಸಿಕೊಂಡವರು, ಮೊದಲ ಬಾರಿಗೆ ಬಾಯಿ ತೆರೆದರು: “ಬಸುರಿ ಅನ್ನೋದು ವೋಚರ್ ಅಲ್ಲ. ರಸೀದಿ ತರಿಸಿ ನೋಡ್ಬೇಕು.”

ಆಶ್ಚರ್ಯವೆಂದರೆ ಕಾರ್ಯಕ್ರಮದವರು ಹಾಗೇ ಮಾಡಿದರು. ತನಿಖೆ ನಡೆಯಿತು, ಲೆಕ್ಕ ನೋಡಿದರು. ಹೊಲಿಗೆ ಅವನದೇ ಎಂದಾಯಿತು; ಆದರೆ ಖರ್ಚು ಮಿತಿ ಮೀರಿತ್ತೆಂದು ಅಲ್ಲಿಷ್ಟು ಕತ್ತರಿಸಬೇಕಾಯಿತು. ಮಾವನಿಗೆ ಪರಮ ತೃಪ್ತಿ. ಹೊಲಿಗೆಯ ವಿಷಯಕ್ಕೆ ಅತ್ತೆ ‘ಇರಬಹುದು’ ಎಂದಷ್ಟೇ ಅಂದರು. ನಾನು ನೋಡಿದ ಹಾಗೆ ಲಾರಾ ದೂರು ಕೊಟ್ಟದ್ದೂ ನೋಟಕ್ಕೆ ಅಷ್ಟೇನೂ ಚೆಂದವಿರಲಿಲ್ಲ. ಅದನ್ನು ಆ ಮನೆಯಲ್ಲಿ ಹೇಳಿ ಸಾರು ಕಳೆದುಕೊಳ್ಳುವ ಇಚ್ಛೆ ನನಗಿರಲಿಲ್ಲ.

ಅಕ್ಟೋಬರಿನಲ್ಲಿ ಫಲಿತಾಂಶ ಬಂತು. ಗೆದ್ದವನು ಜೆಫ್ರಿ.

ಒಂದಷ್ಟು ಹೊತ್ತು ಮನೆಯಲ್ಲಿ ಕೂಸಿನದು ಬಿಟ್ಟರೆ ಬೇರೆ ದನಿಯಿಲ್ಲ. ನಾನೇ ಸಮಾಧಾನಕ್ಕೆ, “ಅತ್ತೆ, ಇದು ಬಟ್ಟೆ ಹೊಲಿಯೋ ಪಂದ್ಯ ಅಲ್ವಾ? ಬಟ್ಟೆ ನೋಡಿ ಕೊಟ್ಟಿದ್ದಾರೆ” ಎಂದೆ.

“ಹಾಗಾದ್ರೆ ಬಟ್ಟೇನೇ ತೋರಿಸಬೇಕಿತ್ತು” ಎಂದರು ಅತ್ತೆ. “ಗಂಟೆಯಲ್ಲಿ ಮುಕ್ಕಾಲು ಗಂಟೆ ಜಗಳ ತೋರಿಸ್ತಾರೆ. ಯಾರು ಅತ್ತರು, ಯಾರು ಅಳಿಸಿದರು, ಯಾರು ಬೆನ್ನ ಹಿಂದೆ ಏನಂದರು, ಎಲ್ಲಾ ತೋರಿಸಿ ನಮ್ಮ ಹೊಟ್ಟೆ ಉರಿಸ್ತಾರೆ. ಕೊನೇಲಿ ಹೊಲಿಗೆ ಚೆನ್ನಾಗಿದೆ ಅಂತ ಬಹುಮಾನ ಕೊಡ್ತಾರೆ. ಕೂಡಿಸೋ ಲೆಕ್ಕ ಬಾಯಲ್ಲಿ ಹೇಳಿಕೊಟ್ಟು ಪರೀಕ್ಷೇಲಿ ಭಾಗಾಕಾರ ಕೇಳಿದ ಹಾಗೆ.” ಇಷ್ಟು ವರ್ಷಗಳಲ್ಲಿ ಇಂಥ ಕಾರ್ಯಕ್ರಮಗಳ ಬಗ್ಗೆ ಇದಕ್ಕಿಂತ ಹರಿತವಾದ ವಿಮರ್ಶೆ ನಾನು ಬೇರೆಲ್ಲೂ ಕೇಳಿಲ್ಲ.

ವೀಸಾ ಮುಗಿದು ಅತ್ತೆ ಮೈಸೂರಿಗೆ ಮರಳಿದರು. ಮುಂದಿನ ಸೀಸನ್ನಿನಲ್ಲಿ ಕ್ರಿಶ್ಚಿಯನ್ ಸಿರಿಯಾನೋ ಎಂಬ ಚಿಗುರು ಹುಡುಗ ಬಂದು ಗೆದ್ದ. 2019ರಿಂದ ಟಿಮ್ ಗನ್ನರ ಜಾಗದಲ್ಲಿ ನಿಂತವನೂ ಅವನೇ. ಅತ್ತೆ ಫೋನಿನಲ್ಲಿ ಅವನ ಬಟ್ಟೆಯ ಬಗ್ಗೆ ಕೇಳಲೇ ಇಲ್ಲ. ‘ದೊಡ್ಡೋರ ಮುಂದೆ ಹೇಗಿರ್ತಾನೆ?’ ಎಂದಷ್ಟೇ ಕೇಳಿದರು.

2013ರಲ್ಲಿ ಬಿಗ್ ಬಾಸ್ ಕನ್ನಡಕ್ಕೆ ಬಂದಾಗ, ಅತ್ತೆಗೆಂದೇ ಮಾಡಿದ ಕಾರ್ಯಕ್ರಮ ಇದು ಎಂದುಕೊಂಡೆ. ಸೂಜಿ ದಾರದ ತಾಪತ್ರಯವಿಲ್ಲ, ಹೆಪ್ಪು ಹಾಕಲು ಏಳಬೇಕಾಗಿಲ್ಲ, ಇಡೀ ದಿನ ಬರೀ ನಡತೆ. ಸುದೀಪ್ ಬಂದು ವಾರಕ್ಕೊಮ್ಮೆ ಹೆಡ್‌ಮಿಸ್ಸಿನ ಕೆಲಸವನ್ನೂ ಮಾಡುತ್ತಾರೆ. ಖುಷಿಯಾಗಿರಬೇಕಲ್ಲ ಎಂದು ವಿಚಾರಿಸಿದೆ.

“ನೋಡ್ತೀನಪ್ಪ” ಎಂದರು ಅತ್ತೆ, ಉತ್ಸಾಹವಿಲ್ಲದೆ. “ಆದ್ರೆ ಇವರಿಗೆ ಅಲ್ಲಿ ಕೂತು ಮಾಡೋಕೆ ಒಂದು ಕೆಲಸ ಇಲ್ಲ. ಆ ಕತ್ತಿನವನಿಗೆ ಹೊಲಿಗೆಯಾದರೂ ಬರ್ತಿತ್ತು ಕಣೋ.”