ಬಿಡುವಾಗ ಬಂದ ಬುದ್ಧಿ

ಬೆಂಗಳೂರನ್ನು ಬೈಯುವುದರಲ್ಲಿ ನನಗೆ ಇಪ್ಪತ್ತೆರಡು ವರ್ಷಗಳ ಅನುಭವವಿದೆ. ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಬರುವ ಬುಸ್ಸೆಂಬ ಗಾಳಿಯಿಂದ ಹಿಡಿದು ನಡುರಾತ್ರಿಯ ಬೀದಿನಾಯಿಗಳ ಸಂಗೀತ ಕಚೇರಿಯವರೆಗೆ ಅದು ಅಖಂಡ ಪಾರಾಯಣ. ಮನೆ ಹನುಮಂತನಗರದಲ್ಲಿ, ಕೆಲಸ ವೈಟ್‌ಫೀಲ್ಡಿನಲ್ಲಿ ಎಂದಮೇಲೆ ಬೈಗುಳದ ಕಚ್ಚಾಮಾಲಿಗೆ ಬರವುಂಟೇ? ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಹೊತ್ತನ್ನೆಲ್ಲ ನನ್ನ ವಯಸ್ಸಿನಿಂದ ಕಳೆದರೆ ನಾನಿನ್ನೂ ಯುವಕ.

ಈ ಕೆಲಸದಲ್ಲಿ ಸಾಗರದ ಅಕ್ಕನೂ ಕೈಜೋಡಿಸುತ್ತಿದ್ದಳು. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿಕೊಂಡಾಗ ಫೋನ್ ಮಾಡಿ, "ನೀರಿಗೇ ಬೆಂಕಿ ಬಿತ್ತಂತಲ್ಲೋ, ಅದನ್ನ ಏನು ಹಾಕಿ ಆರಿಸ್ತಾರೋ?" ಎಂದು ಕೇಳಿದ್ದಳು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದನ್ನು ಟೀವಿಯಲ್ಲಿ ನೋಡಿ, "ನಮ್ಮನೆ ಟ್ರ್ಯಾಕ್ಟರ್ ಸುಮ್ನೆ ನಿಂತಿದೆ, ಕಳಿಸ್ಲೇನೋ?" ಎಂದಳು. ಎರಡು ಸಲವೂ ನಾನು ಅವಳಿಗಿಂತ ಜೋರಾಗಿ ನಕ್ಕು, ಇನ್ನೂ ನಾಲ್ಕು ಸೇರಿಸಿ ಹೇಳಿದ್ದೆ.

ಹೀಗಿರುವಾಗ ಮೈಸೂರಿಗೆ ವರ್ಗವಾಯಿತು. ವರ್ಷ ವರ್ಷವೂ ನಾನೇ ಅರ್ಜಿ ಗುಜರಾಯಿಸಿ ಪಡೆದ ವರ. ಆದೇಶ ಬಂದದ್ದು ಫೆಬ್ರವರಿ ಮೊದಲ ವಾರ, ಹೊರಡಬೇಕಾದ್ದು ತಿಂಗಳ ಕೊನೆಗೆ. ಮಾರನೆಯ ಬೆಳಿಗ್ಗೆಯೇ ನನಗೆ ತೊಂದರೆ ಶುರುವಾಯಿತು. ಬಸ್ಸಿನ ಕಿಟಕಿಯಾಚೆ ಒಂದು ಟಬೂಬಿಯಾ ಮರ ಮೈತುಂಬ ಗುಲಾಬಿ ಬಣ್ಣ ಮೆತ್ತಿಕೊಂಡು ನಿಂತಿತ್ತು. ಇದು ಯಾವಾಗ ಬಂತು ಎಂದು ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪ್ರತಿವರ್ಷ ಬರತ್ತೆ. ಎಲ್ಲಾ ಕೃಂಬಿಗಲ್ ಪುಣ್ಯ" ಎಂದರು.

ಕೃಂಬಿಗಲ್ ರಸ್ತೆಯಲ್ಲಿ ನಾನು ಸಾವಿರ ಸಲ ಓಡಾಡಿದ್ದೇನೆ. ಪಕ್ಕದಲ್ಲೇ ಲಾಲ್‌ಬಾಗಿನ ಬಂಡೆ ಇರುವುದರಿಂದ, ಹಾಸುಗಲ್ಲು, ಬೀಸುಗಲ್ಲು ಇದ್ದಂತೆ ಇದೂ ಒಂದು ಜಾತಿಯ ಕಲ್ಲೆಂದೇ ತಿಳಿದಿದ್ದೆ! ನೋಡಿದರೆ ಅದು ಮನುಷ್ಯನ ಹೆಸರು. ಜರ್ಮನಿಯಲ್ಲಿ ಹುಟ್ಟಿ, 1908ರಲ್ಲಿ ಲಾಲ್‌ಬಾಗ್ ನೋಡಿಕೊಳ್ಳಲು ಬಂದು, 1956ರಲ್ಲಿ ಇದೇ ಊರಿನಲ್ಲಿ ಕಣ್ಣುಮುಚ್ಚಿದವನು. ಒಂದು ಜಾತಿ ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು, ಬೀದಿ ಎಂದೂ ಬೋಳಾಗಿರಬಾರದು ಎಂದು ಲೆಕ್ಕ ಹಾಕಿ ಮರ ನೆಡಿಸಿದವನು. ಜರ್ಮನಿಯವನಿಗೆ ಹಿಡಿಸಿದ ಊರು ಸಾಗರದವನಿಗೆ ಹಿಡಿಸಿರಲಿಲ್ಲ.

ಅಂದು ಸಂಜೆ ನಲ್ಲಿಯಲ್ಲಿ ನೀರು ದಾರದಂತೆ ಬರುತ್ತಿತ್ತು. ಬೈಯಲು ಬಾಯಿ ತೆರೆದವನು ಮುಚ್ಚಿದೆ. ಪಾಪ, ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಬರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪಿನಿಂದ ನೂಕಿಸಿಕೊಂಡು ಹತ್ತಿರ ಹತ್ತಿರ 500 ಮೀಟರ್ ಎತ್ತರ ಏರಬೇಕು. ವೈಟ್‌ಫೀಲ್ಡಿನಿಂದ ಬಂದ ನಾನೇ ಸೋಫಾದ ಮೇಲೆ ಬಿದ್ದುಕೊಳ್ಳುತ್ತೇನೆ, ಅವಳು ಸ್ವಲ್ಪ ಸಣ್ಣಗೆ ಬಂದರೆ ತಪ್ಪೇ? ಶ್ರೀರಂಗಪಟ್ಟಣದಲ್ಲಿ ಅವಳು ತನ್ನ ಪಾಡಿಗೆ ಇಳಿದು ಹೋಗುತ್ತಾಳೆ. ಹತ್ತಿ ಬರುವುದು ನಮ್ಮಲ್ಲಿಗೆ. ಇದನ್ನು ಜೋರಾಗಿಯೇ ಹೇಳಿದೆನೋ ಏನೋ, "ರೀ, ಮೈ ಹುಷಾರಿದೆಯಾ?" ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು.

ಆಮೇಲೆ ಹಿಡಿದವರಿಲ್ಲ. 1943ರಿಂದ ದೋಸೆ ಹುಯ್ಯುತ್ತಿರುವ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದಿನ ಗುಂಪು ನೋಡಿಯೇ ಹಿಂದಿರುಗುತ್ತಿದ್ದವನು ಈಗ ಮುಕ್ಕಾಲು ಗಂಟೆ ಕಾದೆ. ಸಿಲ್ಕ್ ಬೋರ್ಡಿಗಿಂತ ಮೇಲು, ಕೊನೆಗೆ ದೋಸೆಯಾದರೂ ಸಿಗುತ್ತದೆ. ಲಾಲ್‌ಬಾಗಿನ ಬಂಡೆ ಹತ್ತಿ ಕುಳಿತೆ. ಅದಕ್ಕೆ 300 ಕೋಟಿ ವರ್ಷವಂತೆ. ಅಷ್ಟು ಕಾಲ ಒಂದೇ ಕಡೆ ಕೂತಿರುವುದರ ಮುಂದೆ ನನ್ನ ಟ್ರಾಫಿಕ್ಕಿನ ಕಷ್ಟ ತೋಡಿಕೊಳ್ಳಲು ನಾಚಿಕೆಯಾಯಿತು.

ಹಾಗೆಂದು ಊರಿನ ತಾಪತ್ರಯ ಸುಳ್ಳೆಂದುಕೊಳ್ಳಬೇಡಿ. ಗುಂಡಿ ಗುಂಡಿಯೇ, ಟಬೂಬಿಯಾ ಹೂ ಬಿದ್ದು ಮುಚ್ಚಿದರೂ ಸೊಂಟಕ್ಕೆ ಗೊತ್ತಾಗುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿನವರು ಹೇಳಿದ ರೇಟು ನೆನೆದರೆ ಈಗಲೂ ಗಂಟಲು ಒಣಗುತ್ತದೆ.

ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುವಾಗ ಹಳೆಯ ಬಸ್ ಟಿಕೆಟ್ಟುಗಳು ಉದುರಿದವು. ಬೆನ್ನ ಮೇಲೆ ಕಂಡಕ್ಟರುಗಳು ಬರೆದುಕೊಟ್ಟ ಚಿಲ್ಲರೆ ಬಾಕಿ: 3, 7, 12. ಇಳಿಯುವ ಅವಸರದಲ್ಲಿ ಕೇಳಲು ಮರೆತದ್ದು. ಕೂಡಿಸಿದರೆ 184 ರೂಪಾಯಿ ಈ ಊರಿನಿಂದ ನನಗೆ ಬರಬೇಕು. ನಾನು ಊರಿಗೆ ಕೊಡಬೇಕಾದ್ದೇನೆಂದು ಇನ್ನೊಂದು ಕಡೆ ಬರೆಯತೊಡಗಿದೆ: ನೌಕರಿ, ಮಗಳ ಓದು... ಅಲ್ಲಿಗೇ ಪೆನ್ನು ಮುಚ್ಚಿದೆ. ಮೊತ್ತ ಮೈಮೇಲೆ ಬರುವ ಲಕ್ಷಣವಿತ್ತು.

ಹೊರಡುವ ದಿನ ಸಂಜೆ ಲಾರಿ ಬರಲೇ ಇಲ್ಲ. "ನೋ ಎಂಟ್ರಿ ಟೈಮು ಸಾರ್, ರಿಂಗ್ ರೋಡಲ್ಲೇ ನಿಂತಿದೀನಿ" ಎಂದ ಡ್ರೈವರ್. ಖಾಲಿ ಮನೆಯಲ್ಲಿ ಗಂಡ ಹೆಂಡತಿ ನೆಲದ ಮೇಲೆ ಕೂತೆವು. ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸುತ್ತೇನೆಂದು ಹನ್ನೊಂದು ವರ್ಷ ನನ್ನೊಡನೆ ಜಗಳವಾಡಿದ ಎದುರುಮನೆಯಾಕೆ ಬಿಸಿಬೇಳೆಬಾತ್ ತಂದಿಟ್ಟರು. "ಸ್ಟೀಲ್ ಡಬ್ಬಿ, ವಾಪಸ್ ಕೊಡೋಕಾದ್ರೂ ಬರಲೇಬೇಕು" ಎಂದರು.

ಲಾರಿ ಬಂದದ್ದು ರಾತ್ರಿ ಹತ್ತೂವರೆಗೆ. ಸಾಮಾನು ತುಂಬಿ ಹೊರಡುವಾಗ ಒಂದು ಗಂಟೆ. "ಥೂ, ಇದೂ ಒಂದು ಊರಾ ಸಾರ್!" ಎಂದ ಡ್ರೈವರ್. "ಹಾಗನ್ನಬೇಡಪ್ಪ, ಹಗಲು ಹೊತ್ತು ಬಂದು ನೋಡು, ಮರಗಳೆಲ್ಲ ಹೂ ಬಿಟ್ಟಿವೆ" ಎಂದೆ. "ಹಗಲು ಒಳಗೇ ಬಿಡಲ್ವಲ್ಲ ಸಾರ್" ಎಂದ.

ಸಿಗ್ನಲ್ಲುಗಳೆಲ್ಲ ಹಳದಿ ಕಣ್ಣು ಮಿಟುಕಿಸುತ್ತಿದ್ದವು. ಕೆಂಗೇರಿ ಇಪ್ಪತ್ತೈದೇ ನಿಮಿಷಕ್ಕೆ ಬಂತು. ದಾರಿಯಲ್ಲಿ ಒಂದೇ ಒಂದು ಕಡೆಯೂ ನಮ್ಮನ್ನು ಯಾರೂ ತಡೆಯಲಿಲ್ಲ.