ಕಡಕ್ ರೊಟ್ಟಿಯ ಇಟಲಿ ನೌಕರಿ

ಒಣಗಿದ ಬ್ರೆಡ್ಡಿಗೆ ಟೊಮೆಟೊ, ಉಳ್ಳಾಗಡ್ಡಿ, ಸೌತೆಕಾಯಿ ಬೆರೆಸುವ ಪಾಂಜನೆಲ್ಲಾ, ಇಟಲಿಯ ಟಸ್ಕನಿ ಸೀಮೆಯ ರೈತರ ಸಲಾಡು. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಒಂದು ಕ್ವಾರ್ಟರ್ಸಿನಲ್ಲಿ ಅದನ್ನು ಮಾಡಲು ಹೊರಟಾಗ ಬ್ರೆಡ್ಡಿನ ಹುದ್ದೆ ಖಾಲಿ ಇತ್ತು. ಅರ್ಜಿ ಬಂದದ್ದು ಒಂದೇ: ಬುಟ್ಟಿಯೊಳಗಿನ ಜೋಳದ ಕಡಕ್ ರೊಟ್ಟಿಯದು.

ಪ್ರಶ್ನೆ: ನಿಮ್ಮ ಅನುಭವ?

ರೊಟ್ಟಿ: ಒಣಗೋದೇ ಅನುಭವ ನೋಡ್ರಿ. ಬುಟ್ಟಿ ಸೇರಿದ ಮ್ಯಾಲ ತಿಂಗಳಗಟ್ಟಲೆ ಫ್ರಿಜ್ ಬ್ಯಾಡ, ಏನೂ ಬ್ಯಾಡ. ಟಸ್ಕನಿ ಬ್ರೆಡ್ಡಿಗೆ ಉಪ್ಪು ಹಾಕಂಗಿಲ್ಲಂತ. ನನಗೂ ಹಾಕಂಗಿಲ್ಲ. ಸಂಬಂಧ ಕುದುರಲಾಕ ಇಷ್ಟು ಸಾಲ್ದೇನ್ರೀ?

ಪ್ರಶ್ನೆ: ಗೋಧಿ ಬ್ರೆಡ್ಡಿಗೆ ಜಿಗುಟು ಇದೆ, ನೆನೆದರೂ ತುಂಡು ಉಳಿಯುತ್ತದೆ. ನೀವು?

ರೊಟ್ಟಿ: ನಾ ಉಳಿಯಂಗಿಲ್ಲ, ಸುಳ್ಳ್ಯಾಕ ಹೇಳ್ಲಿ. ಅದಕ್ಕ ನನ್ನ ಕಡೀಗೆ ಹಾಕ್ರಿ. ಮೊದಲ ಟೊಮೆಟೊ ಹೆಚ್ಚಿ ಉಪ್ಪು ಹಚ್ಚಿ ಹತ್ತು ನಿಮಿಷ ಬಿಡ್ರಿ, ನೀರು ಬಿಡ್ತಾವ. ಆ ನೀರಿಗೇ ಎಣ್ಣಿ, ನಿಂಬಿಹುಳಿ ಕಲಸ್ರಿ. ತೆಳ್ಳಗ ಹೆಚ್ಚಿದ ಉಳ್ಳಾಗಡ್ಡಿ, ಎಳೆ ಸೌತಿಕಾಯಿ ಹಾಕ್ರಿ. ಮಂದಿ ಊಟಕ್ಕ ಕುಂತ ಮ್ಯಾಲ ನನ್ನ ಮುರದು ಹಾಕಿ ಎರಡು ಸಲ ಕೈಯಾಡಿಸ್ರಿ, ಸಾಕು.

ಪ್ರಶ್ನೆ: ಎಣ್ಣೆ ಆಲಿವ್ ಆಗಬೇಕಲ್ಲವೆ?

ರೊಟ್ಟಿ: ಆ ಬಾಟ್ಲಿ ರೇಟು ನೋಡಿದ್ರ ಸಲಾಡು ಗಂಟಲದಾಗ ಇಳಿಯಂಗಿಲ್ಲ. ಗಾಣದ ಕುಸುಬಿ ಎಣ್ಣಿ ಹಾಕ್ರಿ. ಶೇಂಗಾ ಹಿಂಡಿ ಮ್ಯಾಲ ಹಸಿ ಎಣ್ಣಿ ಸುರಕೊಂಡು ನನ್ನ ತಿನ್ನೋ ಮಂದಿಗೆ ಡ್ರೆಸ್ಸಿಂಗ್ ಯಾರು ಕಲಿಸ್ಬೇಕ್ರೀ?

ಪ್ರಶ್ನೆ: ಬೇಸಿಲ್ ಎಲೆ?

ರೊಟ್ಟಿ: ಅದು ನಮ್ಮ ಕಾಮಕಸ್ತೂರಿ ರೀ, ಒಂದೇ ಜಾತಿ. ಬೀಜ ಶರಬತ್ತಿಗೆ ಹಾಕ್ತೀರಿ, ಎಲಿ ಮರೀತೀರಿ. ತುಳಸಿ ಮಾತ್ರ ಹಾಕಬ್ಯಾಡ್ರಿ, ಸಲಾಡು ಹೋಗಿ ಕೆಮ್ಮಿನ ಔಷಧ ಆಗ್ತದ.

ಪ್ರಶ್ನೆ: 16ನೇ ಶತಮಾನದಲ್ಲೇ ಬ್ರೊಂಜಿನೋ ಎಂಬ ಚಿತ್ರಕಾರ ಇಂಥ ಸಲಾಡನ್ನು ಪದ್ಯದಲ್ಲಿ ಹೊಗಳಿದ್ದಾನೆ. ನಿಮಗೆ ಅಂಥ ಶಿಫಾರಸು ಪತ್ರ ಉಂಟೆ?

ರೊಟ್ಟಿ: ಆ ಪತ್ರದಾಗ ಟೊಮೆಟೊ ಎಲ್ಲದ? ಅದು ಅಮೆರಿಕದಿಂದ ಬಂದು ಅವರ ತಾಟು ಸೇರಿದ್ದು ಆಮ್ಯಾಲ. ಅವ ಹೊಗಳಿದ್ದು ಉಳ್ಳಾಗಡ್ಡಿ, ಸೌತಿ, ಗೋಣಿ ಸೊಪ್ಪು. ಅದೇ ಗೋಣಿ ಸೊಪ್ಪನ್ನ ನಮ್ಮ ಹೊಲ್ದಾಗ ಕಳೆ ಅಂತ ಕಿತ್ತಿ ಬದುವಿಗೆ ಒಗೀತಾರ.

ಪ್ರಶ್ನೆ: ಹಾಗಾದರೆ ಅಗ್ಗದ ಸಲಾಡು ಅನ್ನಬಹುದು.

ರೊಟ್ಟಿ: ಬಾಕಿ ಎಲ್ಲಾ ಅಗ್ಗ. ತುಟ್ಟಿ ಆದಾಕಿ ನಾನು.

ಪ್ರಶ್ನೆ: ನೀವೇ?

ರೊಟ್ಟಿ: ಈ ಊರಾಗೇ ಕಾಲುವಿ ನೀರಿನ ಹೊಲ ನೋಡ್ಕೊಳ್ಳೋ ಕಾಡಾ ಕಚೇರಿ ಅದ, ಕೃಷಿ ಕಾಲೇಜ್ ಅದ. ಆಲಮಟ್ಟಿ ಡ್ಯಾಮಿಗೆ 1964ರಾಗ ಅಡಿಗಲ್ಲು ಬಿತ್ತು. ಕಾಲುವಿ ನೀರು ಕಡಿಮಿ ನೀರಿನ ಬೆಳಿಗೆ, ಭತ್ತ ಹಚ್ಚಬಾರದು ಅಂತ ಕಾಗದದಾಗ ಬರದಾರ. ಕಾಲುವಿ ದಂಡಿಗೆ ಹೋಗಿ ನೋಡ್ರಿ, ಹಸರು ಕಂಡದ್ದು ಭತ್ತ. ಮೊದಲಿನ ಹೊಲಕ್ಕ ಸವಳು, ಕಡೀ ಹೊಲಕ್ಕ ನೀರಿಲ್ಲ. ನಮ್ಮವ್ವ ಜೋಳ ಎಲ್ಲಿ ನಿಲ್ಬೇಕ್ರೀ? ಪಡಿತರದಾಗ ಅಕ್ಕಿ ಪುಕ್ಕಟೆ ಸಿಗಬೇಕಾದ್ರ ಆಕಿನ್ನ ಕೇಳೋರು ಯಾರು? ಬಿತ್ತೋರು ಕಡಿಮಿ ಆದ್ರು, ನಾ ತುಟ್ಟಿ ಆದ್ನಿ.

ಪ್ರಶ್ನೆ: 2023ನ್ನು ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆಯೇ ಸಾರಿತಲ್ಲ.

ರೊಟ್ಟಿ: ಸಾರಿತು. ಗ್ವಾಡಿ ಮ್ಯಾಲಿನ ಅಜ್ಜನ ಫೋಟೋಕ್ಕ ಹಾಕಿದಂಗ ನಮಗೂ ಒಂದು ಹಾರ ಬಿತ್ತು.

ಪ್ರಶ್ನೆ: ಸಂಬಳ ಎಷ್ಟು ಬೇಕು?

ರೊಟ್ಟಿ: ಹೋಟೆಲಿನ ಮೆನುದಾಗ ಪಾಂಜನೆಲ್ಲಾ ಅಂತ ಬರದು ಎಷ್ಟು ಹಚ್ತೀರೋ, ಅದರಾಗ ಅರ್ಧಾ ಜೋಳ ಬಿತ್ತಿದವಗ ಕೊಡ್ರಿ. ಆಗಂಗಿಲ್ಲ ಅಂದ್ರ ಪಚಡಿ ಅಂತನ ಬರೀರಿ. ಮುಂದಿಂದು ಲಗೂ ಕೇಳ್ರಿ, ಟೊಮೆಟೊ ನೀರು ಬಿಟ್ಟದ.